ಒಂದೇ ಡಾಕ್‌ಬುಕ್ ಮೂಲದಿಂದ ಕೈಪಿಡಿಯೂ ಸ್ಲೈಡೂ: ಸ್ಟೈಲ್‌ಶೀಟ್ ಎಲ್ಲೆಲ್ಲಿ ಕೈಕೊಡುತ್ತದೆ?

ಕೊಂಬೆರೆಂಬೆ (ಪ್ರಶ್ನೆ ಕೇಳಿದವರು):

ತರಬೇತಿ ಪಾಠಗಳು ಡಾಕ್‌ಬುಕ್ 5ರಲ್ಲಿವೆ (ಕೈಪಿಡಿ ಬರೆಯಲು ಬಳಸುವ ಎಕ್ಸ್‌ಎಮ್‌ಎಲ್ ಟ್ಯಾಗುಗಳ ರೂಪ), ಒಟ್ಟು 12 ಅಧ್ಯಾಯ. ಅದೇ ಮೂಲದಿಂದ ಪಿಡಿಎಫ್ ಕೈಪಿಡಿ ಈಗಾಗಲೇ ಬರುತ್ತಿದೆ. ಈಗ ಅದರಿಂದಲೇ ರಿವೀಲ್ ಜೆಎಸ್ (ಬ್ರೌಸರ್‌ನಲ್ಲಿ ಓಡುವ ಪ್ರಸ್ತುತಿ) ಸ್ಲೈಡುಗಳೂ ಹೊರಡಬೇಕು. ಸ್ಲೈಡಿಗೆಂದು ಬೇರೆ ಫೈಲ್ ಇಟ್ಟುಕೊಂಡರೆ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವುದು ಖಚಿತ, ಹಾಗಾಗಿ ಅದು ಬೇಡ.

ಸಣ್ಣ ಎಕ್ಸ್‌ಎಸ್‌ಎಲ್‌ಟಿ ಸ್ಟೈಲ್‌ಶೀಟ್ (ಎಕ್ಸ್‌ಎಮ್‌ಎಲ್ ಅನ್ನು ಬೇರೆ ರೂಪಕ್ಕೆ ತಿರುಗಿಸುವ ನಿಯಮಗಳ ಫೈಲ್) ಬರೆದು ಎಕ್ಸ್‌ಎಸ್‌ಎಲ್‌ಟಿಪ್ರಾಕ್ ಎಂಬ ಕಮಾಂಡ್‌ನಲ್ಲಿ ಓಡಿಸಿದರೆ ದೋಷದ ಸಂದೇಶವೇನೂ ಬರುವುದಿಲ್ಲ. ಆದರೆ ಔಟ್‌ಪುಟ್‌ನಲ್ಲಿ ಒಂದು ಟ್ಯಾಗೂ ಇಲ್ಲ. ಇಡೀ ಪಾಠದ ಅಕ್ಷರಗಳು ಒಂದೇ ಮುದ್ದೆಯಾಗಿ ಬಿದ್ದಿವೆ. ಟೆಂಪ್ಲೇಟ್‌ಗಳು (ಒಂದೊಂದು ಟ್ಯಾಗಿನ ನಿಯಮ) ಸೆಕ್ಷನ್, ಟೈಟಲ್, ಪ್ಯಾರಾ ಇವಕ್ಕೇ ಇವೆ. ಕಾಗುಣಿತ ಮೂರು ಸಲ ನೋಡಿದೆ. (ಟ್ಯಾಗ್ ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಫೈಲಿನಲ್ಲಿ ಇಂಗ್ಲಿಷಿನಲ್ಲೇ ಇವೆ.)

ಪುಟದಂಚು:

ಕಾಗುಣಿತ ಸರಿಯಿದೆ, ನೇಮ್‌ಸ್ಪೇಸ್ (ಟ್ಯಾಗ್ ಯಾವ ಬಳಗದ್ದು ಎಂದು ಹೇಳುವ ವಿಳಾಸ) ಇಲ್ಲ. ಡಾಕ್‌ಬುಕ್ 4ರಲ್ಲಿ ಟ್ಯಾಗುಗಳಿಗೆ ನೇಮ್‌ಸ್ಪೇಸ್ ಇರಲಿಲ್ಲ, 5ರಲ್ಲಿ ಪ್ರತಿ ಟ್ಯಾಗೂ ಡಾಕ್‌ಬುಕ್ ನೇಮ್‌ಸ್ಪೇಸಿಗೆ ಸೇರಿದೆ. ನೀವು ಬರೀ "ಸೆಕ್ಷನ್" ಎಂದು ಮ್ಯಾಚ್ ಕೊಟ್ಟರೆ ಎಕ್ಸ್‌ಎಸ್‌ಎಲ್‌ಟಿ 1.0 ಅದನ್ನು ನೇಮ್‌ಸ್ಪೇಸ್ ಇಲ್ಲದ ಸೆಕ್ಷನ್ ಎಂದೇ ಓದುತ್ತದೆ. ಅಂಥದ್ದು ನಿಮ್ಮ ಫೈಲಿನಲ್ಲಿ ಒಂದೂ ಇಲ್ಲ. ಯಾವ ಟೆಂಪ್ಲೇಟೂ ಹೊಂದದಿದ್ದಾಗ ಒಳಗಿನ ಅಕ್ಷರಗಳನ್ನಷ್ಟೇ ಸುರಿಯಬೇಕು ಎಂಬುದು ಎಕ್ಸ್‌ಎಸ್‌ಎಲ್‌ಟಿಯ ಅಂತರ್ಗತ ನಿಯಮ. ಆ ಮುದ್ದೆ ಬಂದದ್ದು ಅದರಿಂದ, ದೋಷ ಕಾಣಿಸದಿದ್ದದ್ದೂ ಅದರಿಂದಲೇ.

ಸ್ಟೈಲ್‌ಶೀಟಿನ ಬೇರು ಟ್ಯಾಗಿನಲ್ಲಿ "ಡಿಬಿ" ಎಂಬ ಪ್ರಿಫಿಕ್ಸನ್ನು ಡಾಕ್‌ಬುಕ್ ನೇಮ್‌ಸ್ಪೇಸಿಗೆ ಕಟ್ಟಿ, ಎಲ್ಲ ಮ್ಯಾಚ್ ಮತ್ತು ಸೆಲೆಕ್ಟ್‌ಗಳಲ್ಲೂ "ಡಿಬಿ:ಸೆಕ್ಷನ್" ಎಂದು ಬರೆಯಿರಿ. ಒಳಗಿನ ಎಕ್ಸ್‌ಪಾತ್‌ನಲ್ಲಿ (ಟ್ಯಾಗುಗಳನ್ನು ಆರಿಸುವ ಸೂತ್ರ) ಒಂದು ಕಡೆ ಪ್ರಿಫಿಕ್ಸ್ ಬಿಟ್ಟುಹೋದರೂ ಆ ಭಾಗ ಸದ್ದಿಲ್ಲದೆ ಮಾಯವಾಗುತ್ತದೆ. ಎಕ್ಸ್‌ಕ್ಲೂಡ್-ರಿಸಲ್ಟ್-ಪ್ರಿಫಿಕ್ಸಸ್‌ನಲ್ಲಿ ಡಿಬಿ ಸೇರಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಔಟ್‌ಪುಟ್‌ನ ಮೊದಲ ಟ್ಯಾಗಿನಲ್ಲೇ ಡಾಕ್‌ಬುಕ್ ವಿಳಾಸ ನೇತಾಡುತ್ತಿರುತ್ತದೆ. ಎಕ್ಸ್‌ಎಸ್‌ಎಲ್‌ಟಿ ಓಡಿಸುವ ಇನ್ನೊಂದು ತಂತ್ರಾಂಶ ಸ್ಯಾಕ್ಸನ್ ಬಳಸಿ 2.0 ಅಥವಾ 3.0ಕ್ಕೆ ಹೋಗುವಿರಾದರೆ ಎಕ್ಸ್‌ಪಾತ್-ಡೀಫಾಲ್ಟ್-ನೇಮ್‌ಸ್ಪೇಸ್ ಒಮ್ಮೆ ಬರೆದರೆ ಸಾಕು, ಪ್ರಿಫಿಕ್ಸ್ ಗೋಜಿಲ್ಲ.

ಜೊತೆಗೆ ಒಂದು ಕಾವಲು ಟೆಂಪ್ಲೇಟ್ ಹಾಕಿಕೊಳ್ಳಿ: ಮ್ಯಾಚ್ ನಕ್ಷತ್ರ ಚಿಹ್ನೆಗೆ, ಒಳಗೆ ಎಕ್ಸ್‌ಎಸ್‌ಎಲ್ ಮೆಸೇಜ್ ಮೂಲಕ ಟ್ಯಾಗಿನ ಹೆಸರು. ನಕ್ಷತ್ರದ ಆದ್ಯತೆ −0.5, ಹೆಸರಿರುವ ಮ್ಯಾಚ್‌ನದು 0. ಹಾಗಾಗಿ ನೀವು ನಿಭಾಯಿಸಿದ ಟ್ಯಾಗುಗಳಿಗೆ ಅದು ಅಡ್ಡ ಬರುವುದಿಲ್ಲ, ಬಿಟ್ಟುಹೋದವನ್ನು ಮಾತ್ರ ಟರ್ಮಿನಲ್‌ನಲ್ಲಿ ಹೆಸರು ಹಿಡಿದು ಕೂಗುತ್ತದೆ.

ಕೊಂಬೆರೆಂಬೆ:

ನೇಮ್‌ಸ್ಪೇಸೇ. ಧನ್ಯವಾದ. ಕಾವಲು ಟೆಂಪ್ಲೇಟ್ ಏಳು ಟ್ಯಾಗುಗಳ ಹೆಸರು ಕೊಟ್ಟಿತು, ಎಲ್ಲವನ್ನೂ ಸೇರಿಸಿದೆ. ಈಗ ಪುಟದ ಮೂಲ ತೆರೆದರೆ ಎಲ್ಲ ಟ್ಯಾಗುಗಳೂ ಇವೆ, ಆದರೆ ಬ್ರೌಸರ್‌ನಲ್ಲಿ ಬರೀ ಬಿಳಿ ಪರದೆ.

ಖಾಲಿಸಾಲು:

ಸ್ಕ್ರಿಪ್ಟ್ ಟ್ಯಾಗ್ ಹೇಗೆ ಮುಚ್ಚಿದೆ ನೋಡಿ. ಹೆಡ್‌ನಲ್ಲಿ ಸ್ಕ್ರಿಪ್ಟ್ ಇಟ್ಟು ಔಟ್‌ಪುಟ್ ಮೆಥಡ್ ಎಕ್ಸ್‌ಎಮ್‌ಎಲ್ ಎಂದಿದ್ದರೆ, ಒಳಗೇನೂ ಇಲ್ಲದ ಸ್ಕ್ರಿಪ್ಟ್ ಟ್ಯಾಗ್ ತನ್ನನ್ನು ತಾನೇ ಮುಚ್ಚಿಕೊಂಡ ರೂಪದಲ್ಲಿ ಹೊರಬರುತ್ತದೆ. ಎಚ್‌ಟಿಎಮ್‌ಎಲ್ ಓದುವ ಬ್ರೌಸರ್ ಆ ಓರೆಗೆರೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸ್ಕ್ರಿಪ್ಟ್ ಇನ್ನೂ ತೆರೆದೇ ಇದೆ ಎಂದುಕೊಂಡು ಮುಂದಿನ ಸ್ಲೈಡುಗಳನ್ನೆಲ್ಲ ಜಾವಾಸ್ಕ್ರಿಪ್ಟ್ ಎಂದು ನುಂಗುತ್ತದೆ. ಖಾಲಿ ಡಿವ್, ಖಾಲಿ ಅಸೈಡ್‌ಗಳದ್ದೂ ಇದೇ ಕಥೆ, ಅಲ್ಲಿ ಪರದೆ ಬಿಳಿಯಾಗುವ ಬದಲು ಒಂದು ಸ್ಲೈಡಿನೊಳಗೆ ಇನ್ನೊಂದು ಹೂತುಹೋಗುತ್ತದೆ.

ಔಟ್‌ಪುಟ್ ಮೆಥಡ್ ಎಚ್‌ಟಿಎಮ್‌ಎಲ್ ಮಾಡಿ. ಅಷ್ಟು ಮಾಡಿಯೂ ಸರಿಹೋಗದಿದ್ದರೆ ಸ್ಟೈಲ್‌ಶೀಟಿನಲ್ಲಿ ಎಕ್ಸ್‌ಎಚ್‌ಟಿಎಮ್‌ಎಲ್‌ನ ಡೀಫಾಲ್ಟ್ ನೇಮ್‌ಸ್ಪೇಸ್ ಇದೆಯೇ ಹುಡುಕಿ. 1.0ರ ಎಚ್‌ಟಿಎಮ್‌ಎಲ್ ಮೆಥಡ್ ನೇಮ್‌ಸ್ಪೇಸ್ ಇಲ್ಲದ ಟ್ಯಾಗುಗಳನ್ನು ಮಾತ್ರ ಎಚ್‌ಟಿಎಮ್‌ಎಲ್ ಎಂದು ಗುರುತಿಸುತ್ತದೆ, ಉಳಿದವನ್ನು ಎಕ್ಸ್‌ಎಮ್‌ಎಲ್ ಹಾಗೆಯೇ ಬರೆಯುತ್ತದೆ.

ಡಾಕ್‌ಟೈಪ್ (ಪುಟ ಯಾವ ಬಗೆಯದು ಎಂದು ಸಾರುವ ಮೊದಲ ಸಾಲು) ಕೂಡ ಬೇಕು, ಅದಿಲ್ಲದಿದ್ದರೆ ಬ್ರೌಸರ್ ಹಳೆಯ ಕ್ವರ್ಕ್ಸ್ ಮೋಡಿಗೆ ಇಳಿದು ಟೇಬಲ್ ಅಕ್ಷರಗಳ ಗಾತ್ರ, ಶೇಕಡಾ ಎತ್ತರ ಎಲ್ಲ ಏರುಪೇರಾಗುತ್ತವೆ. 1.0ರಲ್ಲಿ ಚಿಕ್ಕ ಡಾಕ್‌ಟೈಪ್ ನೇರವಾಗಿ ಬರುವುದಿಲ್ಲ. ಡಾಕ್‌ಟೈಪ್-ಸಿಸ್ಟಮ್‌ಗೆ "ಅಬೌಟ್:ಲೆಗಸಿ-ಕಂಪ್ಯಾಟ್" ಕೊಡಿ, ಎಚ್‌ಟಿಎಮ್‌ಎಲ್ 5 ಅದನ್ನು ಇದಕ್ಕೆಂದೇ ಒಪ್ಪುತ್ತದೆ. ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆಯಿರಿ. ಬರೆಯದಿದ್ದರೆ ಎಕ್ಸ್‌ಎಸ್‌ಎಲ್‌ಟಿಪ್ರಾಕ್ ಪ್ರತಿ "ಕ"ವನ್ನೂ 3221 ಎಂಬ ಸಂಖ್ಯಾರೂಪದಲ್ಲಿ ಬರೆಯುತ್ತದೆ. ಪರದೆ ಮೇಲೆ ಸರಿಯಾಗಿಯೇ ಕಾಣುತ್ತದೆ, ಆದರೆ ಫೈಲ್ ತೆರೆದು ಒಂದು ಪದ ಹುಡುಕಲೂ ಆಗುವುದಿಲ್ಲ.

ಸಿಡುಕು ಕಂಪೈಲರ್:

ಇಷ್ಟೆಲ್ಲ ಏಕೆ? ದಾಖಲೆಗಳ ರೂಪ ಬದಲಿಸುವ ಪ್ಯಾಂಡಾಕ್ ಡಾಕ್‌ಬುಕ್ ಓದುತ್ತದೆ, ರಿವೀಲ್ ಜೆಎಸ್ ಬರೆಯುತ್ತದೆ. ಒಂದು ಸಾಲಿನ ಕಮಾಂಡ್. ಸ್ಲೈಡ್-ಲೆವೆಲ್ 2 ಎಂದು ಕೊಟ್ಟರೆ ಎರಡನೇ ಹಂತದ ಶೀರ್ಷಿಕೆಗೊಂದು ಸ್ಲೈಡ್. ಎಂಬೆಡ್-ರಿಸೋರ್ಸಸ್ ಕೊಟ್ಟರೆ ಚಿತ್ರ, ಫಾಂಟ್, ಸಿಎಸ್‌ಎಸ್ ಎಲ್ಲ ಒಂದೇ ಫೈಲಿನಲ್ಲಿ. ಎಕ್ಸ್‌ಎಸ್‌ಎಲ್‌ಟಿ ಬರೆಯುವುದು ನೊಣಕ್ಕೆ ಫಿರಂಗಿ ಹೂಡಿದ ಹಾಗೆ.

ಪುಟದಂಚು:

ಒಂದೇ ಒಂದು ಪ್ರಸ್ತುತಿಯಾದರೆ ನಿಮ್ಮ ಮಾತು ಸರಿ, ಇನ್ನೂ ಮುಂದೆ ಹೋಗಿ ಮಾರ್ಪ್ ಸಾಕು ಎನ್ನುತ್ತೇನೆ: ಮಾರ್ಕ್‌ಡೌನ್‌ನಲ್ಲಿ ಮೂರು ಅಡ್ಡಗೆರೆಗೊಂದು ಸ್ಲೈಡ್, ಥೀಮ್ ಎಂದರೆ ಸೆಕ್ಷನ್ ಟ್ಯಾಗಿಗೆ ಬರೆದ ಸಿಎಸ್‌ಎಸ್, ಗಾತ್ರ 1280×720. ಆದರೆ ಪ್ರಶ್ನೆ ಕೇಳಿದವರ ಬಳಿ ಕೈಪಿಡಿಗೆಂದು ಬರೆದ ಗದ್ಯವಿದೆ. ಯಾವ ಭಾಗ ಸ್ಲೈಡಿಗೆ, ಯಾವುದು ಕೈಪಿಡಿಗೆ ಎಂಬ ಸೋಸುವಿಕೆ ಬೇಕು. ಅದನ್ನು ಪ್ಯಾಂಡಾಕ್ ತಾನಾಗಿ ಮಾಡುವುದಿಲ್ಲ, ಮೊದಲೇ ಸೋಸಿ ಕೊಡಬೇಕು. ಸೋಸಲು ಎಕ್ಸ್‌ಎಸ್‌ಎಲ್‌ಟಿಯೇ ಬೇಕು ಎಂದಮೇಲೆ ಇನ್ನು ಐವತ್ತು ಸಾಲು ಬರೆದರೆ ಕೆಲಸ ಅಲ್ಲೇ ಮುಗಿಯುತ್ತದೆ.

ಪ್ಯಾಂಡಾಕ್ ಬಳಸುವವರಿಗೆ ಒಂದು ಎಚ್ಚರಿಕೆ. ಸ್ಲೈಡ್-ಲೆವೆಲ್ ಕೊಡದಿದ್ದರೆ ಅದು ತಾನೇ ಊಹಿಸುತ್ತದೆ. ಯಾವ ಶೀರ್ಷಿಕೆಯ ಬೆನ್ನಿಗೇ ಇನ್ನೊಂದು ಶೀರ್ಷಿಕೆ ಬರದೆ ವಿಷಯ ಬರುತ್ತದೋ, ಅಂಥವುಗಳಲ್ಲಿ ಅತಿ ಮೇಲಿನ ಹಂತವೇ ಸ್ಲೈಡಿನ ಹಂತ. ಹೀಗಾಗಿ ಯಾರೋ ಅಧ್ಯಾಯದ ಶೀರ್ಷಿಕೆಯ ಕೆಳಗೆ ಒಂದು ಸಾಲಿನ ಪೀಠಿಕೆ ಸೇರಿಸಿದ ದಿನ 40 ಸ್ಲೈಡುಗಳು 6 ಉದ್ದನೆಯ ಸ್ಲೈಡುಗಳಾಗಿ ಕುಸಿಯುತ್ತವೆ. ಸಂಖ್ಯೆ ಬರೆದುಬಿಡಿ, ಊಹೆಗೆ ಬಿಡಬೇಡಿ.

ಸಿಡುಕು ಕಂಪೈಲರ್:

ಸೋಸುವ ವಿಷಯ ಒಪ್ಪಿದೆ. ಆದರೆ ಕೈಪಿಡಿಯ ಪ್ಯಾರಾಗಳನ್ನು ಸ್ಲೈಡಿಗೆ ಎಸೆಯುವುದಾದರೆ ಯಾವ ಸ್ಟೈಲ್‌ಶೀಟೂ ಕಾಪಾಡುವುದಿಲ್ಲ.

ಪುಟದಂಚು:

ಎಸೆಯಬಾರದು. ಎರಡನ್ನೂ ಅಕ್ಕಪಕ್ಕದಲ್ಲಿ ಬರೆಯಬೇಕು. ಡಾಕ್‌ಬುಕ್‌ನಲ್ಲಿ ಕಂಡೀಷನ್ ಎಂಬ ಆಟ್ರಿಬ್ಯೂಟ್ ಇದಕ್ಕೇ ಇರುವುದು. ಪ್ರತಿ ಸೆಕ್ಷನ್‌ನಲ್ಲಿ ಕಂಡೀಷನ್ "ಸ್ಲೈಡ್" ಇರುವ ಒಂದು ಐಟಮೈಸ್ಡ್‌ಲಿಸ್ಟ್, ಅದರ ಕೆಳಗೆ ಎಂದಿನ ಪ್ಯಾರಾಗಳು. ಸ್ಲೈಡ್ ಸ್ಟೈಲ್‌ಶೀಟ್ ಆ ಪಟ್ಟಿ, ಚಿತ್ರ, ಕೋಡ್ ಇವನ್ನು ಮಾತ್ರ ಪರದೆಗೆ ಒಯ್ದು, ಪ್ಯಾರಾಗಳನ್ನು ಕ್ಲಾಸ್ "ನೋಟ್ಸ್" ಇರುವ ಅಸೈಡ್ ಒಳಗೆ ಹಾಕುತ್ತದೆ. ರಿವೀಲ್‌ನಲ್ಲಿ ಎಸ್ ಕೀ ಒತ್ತಿದರೆ ಅವು ಸ್ಪೀಕರ್ ನೋಟ್ಸ್ ಆಗಿ ಕಾಣುತ್ತವೆ, ನೋಟ್ಸ್ ಪ್ಲಗಿನ್ ಸೇರಿಸಿರಬೇಕು ಅಷ್ಟೆ. ಕೈಪಿಡಿಯ ಸ್ಟೈಲ್‌ಶೀಟ್ ಇದಕ್ಕೆ ತಿರುಗುಮುರುಗು: ಕಂಡೀಷನ್ "ಸ್ಲೈಡ್" ಕಂಡರೆ ದಾಟಿ ಹೋಗುತ್ತದೆ. ಪರದೆಗೆ ಒಂದು ಮೋಡ್, ನೋಟ್ಸಿಗೆ ಇನ್ನೊಂದು ಮೋಡ್ ಇಟ್ಟುಕೊಂಡರೆ ಒಂದೇ ಪ್ಯಾರಾ ಟ್ಯಾಗಿಗೆ ಎರಡು ಟೆಂಪ್ಲೇಟ್ ಜಗಳವಿಲ್ಲದೆ ಇರುತ್ತವೆ.

ಇನ್ನು ರಚನೆಯ ಮಾತು. ರಿವೀಲ್‌ಗೆ ಬೇಕಾದದ್ದು: ಕ್ಲಾಸ್ "ರಿವೀಲ್" ಇರುವ ಡಿವ್, ಅದರೊಳಗೆ ಕ್ಲಾಸ್ "ಸ್ಲೈಡ್ಸ್" ಇರುವ ಡಿವ್, ಅದರೊಳಗೆ ಸೆಕ್ಷನ್‌ಗಳು. ಸೆಕ್ಷನ್ ಒಳಗೆ ಸೆಕ್ಷನ್ ಇಟ್ಟರೆ ಕೆಳಮುಖದ ಸ್ಲೈಡ್. ಅಷ್ಟೇ, ಎರಡೇ ಮಜಲು. ಡಾಕ್‌ಬುಕ್ ಪಾಠಗಳಲ್ಲಿ ಮೂರು ನಾಲ್ಕು ಮಜಲಿನ ಸೆಕ್ಷನ್ ಸಾಮಾನ್ಯ. ಸಹಜವಾಗಿ ಬರೆದ ಟೆಂಪ್ಲೇಟ್ ಅದನ್ನು ಹಾಗೆಯೇ ನಕಲು ಮಾಡಿದರೆ ಮೂರನೆಯ ಮಜಲಿನ ಸ್ಲೈಡುಗಳಿಗೆ ಯಾವ ಬಾಣದ ಕೀಯೂ ಕರೆದೊಯ್ಯುವುದಿಲ್ಲ.

ಹಾಗಾಗಿ ಮರವನ್ನು ಚಪ್ಪಟೆ ಮಾಡಬೇಕು. ಅಧ್ಯಾಯದ ಟೆಂಪ್ಲೇಟ್ ಹೊರಗಿನ ಸೆಕ್ಷನ್ ತೆರೆದು, ಮೊದಲು ಒಳಗೊಂದು ಸೆಕ್ಷನ್‌ನಲ್ಲಿ ಅಧ್ಯಾಯದ ಶೀರ್ಷಿಕೆ ಮತ್ತು ಪೀಠಿಕೆಯನ್ನು ಇಡಬೇಕು. ಇವನ್ನು ಬರಿದೇ ಹೊರಗಿನ ಸೆಕ್ಷನ್‌ನಲ್ಲಿ ಬಿಟ್ಟರೆ ಸರಿಯಾದ ಜಾಗದಲ್ಲಿ ಕಾಣುವುದಿಲ್ಲ. ಆಮೇಲೆ ಎರಡು ಓರೆಗೆರೆಯ ಎಕ್ಸ್‌ಪಾತ್ ಬಳಸಿ ಎಷ್ಟೇ ಆಳದಲ್ಲಿರುವ ಡಿಬಿ:ಸೆಕ್ಷನ್‌ಗಳನ್ನೆಲ್ಲ ದಾಖಲೆಯ ಕ್ರಮದಲ್ಲೇ ಆರಿಸಬೇಕು. ಸೆಕ್ಷನ್‌ನ ಟೆಂಪ್ಲೇಟ್ ತನ್ನ ಮಕ್ಕಳಲ್ಲಿ ಡಿಬಿ:ಸೆಕ್ಷನ್ ಅಲ್ಲದವನ್ನು ಮಾತ್ರ ಮುಟ್ಟಬೇಕು. ಈ ಕೊನೆಯ ನಿರ್ಬಂಧ ಬಿಟ್ಟರೆ ಒಳಗಿನ ಸ್ಲೈಡುಗಳು ಎರಡೆರಡು ಸಲ ಬರುತ್ತವೆ.

ಕೊಂಬೆರೆಂಬೆ:

ಚಪ್ಪಟೆ ಮಾಡಿದೆ, ಬಾಣದ ಕೀಗಳು ಸರಿಯಾಗಿ ಓಡಾಡುತ್ತಿವೆ. ಮೂರು ಕಿರಿಕಿರಿ ಉಳಿದಿವೆ. ಕೆಲವು ಸ್ಲೈಡುಗಳು ಕೆಳಗೆ ತುಂಬಿ ಹರಿಯುತ್ತವೆ, 12 ಅಧ್ಯಾಯವನ್ನೂ ಕಣ್ಣಿನಲ್ಲೇ ನೋಡಿ ಹಿಡಿಯಬೇಕೇ? ಚಿತ್ರಗಳಿಗೆ ಆರ್-ಸ್ಟ್ರೆಚ್ ಕ್ಲಾಸ್ ಹಾಕಿದರೂ ಹಿಗ್ಗುತ್ತಿಲ್ಲ. ಕೋಡ್ ಪೆಟ್ಟಿಗೆಗಳ ಮೇಲೆ ಒಂದು ಖಾಲಿ ಸಾಲು.

ಖಾಲಿಸಾಲು:

ಖಾಲಿ ಸಾಲು ನನ್ನ ಪಾಲಿಗೆ ಬಂತು, ಹೆಸರಿಗೆ ತಕ್ಕಂತೆ.

ಪ್ರೋಗ್ರಾಮ್‌ಲಿಸ್ಟಿಂಗ್ ಟ್ಯಾಗ್ ತೆರೆದು ಎಂಟರ್ ಒತ್ತಿ ಕೋಡ್ ಬರೆದಿದ್ದೀರಿ. ಆ ಎಂಟರ್ ಕೂಡ ವಿಷಯವೇ. ಪ್ರೀ ಟ್ಯಾಗಿನ ಬೆನ್ನಿಗೇ ಬರುವ ಮೊದಲ ಹೊಸ ಸಾಲನ್ನು ಬ್ರೌಸರ್ ಎಸೆಯುತ್ತದೆ, ಆದ್ದರಿಂದ ಹಿಂದೆಲ್ಲ ಇದು ಕಾಣುತ್ತಿರಲಿಲ್ಲ. ರಿವೀಲ್‌ಗಾಗಿ ನೀವು ಪ್ರೀ ಒಳಗೆ ಕೋಡ್ ಟ್ಯಾಗ್ ಹಾಕುತ್ತೀರಿ. ಈಗ ಹೊಸ ಸಾಲು ಕೋಡ್ ಟ್ಯಾಗಿನ ಬೆನ್ನಿಗೆ ಬಂತು, ಎಸೆಯುವ ನಿಯಮ ಅಲ್ಲಿಗೆ ಅನ್ವಯಿಸುವುದಿಲ್ಲ. ಕೋಡ್ ಟ್ಯಾಗಿಗೆ ಡೇಟಾ-ಟ್ರಿಮ್ ಆಟ್ರಿಬ್ಯೂಟ್ ಹಾಕಿದರೆ ಹೈಲೈಟ್ ಪ್ಲಗಿನ್ ಸುತ್ತಲಿನ ಖಾಲಿ ಜಾಗ ಕತ್ತರಿಸುತ್ತದೆ. ಮತ್ತೆ, ಔಟ್‌ಪುಟ್‌ನಲ್ಲಿ ಇಂಡೆಂಟ್ "ನೋ" ಮಾಡಿ. ಸ್ಟ್ರಿಪ್-ಸ್ಪೇಸ್ ನಕ್ಷತ್ರಕ್ಕೆ ಕೊಟ್ಟಿದ್ದರೆ ಪ್ರಿಸರ್ವ್-ಸ್ಪೇಸ್‌ನಲ್ಲಿ ಪ್ರೋಗ್ರಾಮ್‌ಲಿಸ್ಟಿಂಗ್, ಪ್ಯಾರಾ ಎರಡನ್ನೂ ಹೆಸರಿಸಿ. ಇಲ್ಲದಿದ್ದರೆ ಪ್ಯಾರಾದೊಳಗೆ ಒಂದರ ಪಕ್ಕ ಒಂದಿರುವ ಎರಡು ಎಂಫಸಿಸ್ ಟ್ಯಾಗುಗಳ ನಡುವಣ ಸ್ಪೇಸ್ ಹೋಗಿ ಪದಗಳು ಅಂಟಿಕೊಳ್ಳುತ್ತವೆ.

ಚಿತ್ರ: ಆರ್-ಸ್ಟ್ರೆಚ್ ಕೆಲಸ ಮಾಡುವುದು ಸ್ಲೈಡ್ ಸೆಕ್ಷನ್‌ನ ನೇರ ಮಗುವಿಗೆ ಮಾತ್ರ, ಅದೂ ಸ್ಲೈಡಿಗೆ ಒಂದಕ್ಕೆ. ನಿಮ್ಮದು ಫಿಗರ್ ಒಳಗೆ, ಅದರೊಳಗೆ ಡಿವ್, ಅದರೊಳಗೆ ಚಿತ್ರ ಇರಬೇಕು. ಡಾಕ್‌ಬುಕ್‌ನ ಫಿಗರ್, ಮೀಡಿಯಾಆಬ್ಜೆಕ್ಟ್, ಇಮೇಜ್‌ಆಬ್ಜೆಕ್ಟ್ ಹೊದಿಕೆಗಳನ್ನೆಲ್ಲ ಸ್ಲೈಡಿನ ಸ್ಟೈಲ್‌ಶೀಟಿನಲ್ಲಿ ಕಳಚಿ ಚಿತ್ರವನ್ನು ಬರಿದಾಗಿ ಇಡಿ, ಶೀರ್ಷಿಕೆಯನ್ನು ಪಕ್ಕದಲ್ಲಿ ಪ್ರತ್ಯೇಕ ಪ್ಯಾರಾ ಮಾಡಿ.

ಪುಟದಂಚು:

ತುಂಬಿ ಹರಿಯುವುದನ್ನು ಹಿಡಿಯಲು ಕಣ್ಣು ಬೇಡ, ಪುಟ ಎಣಿಸಿದರೆ ಸಾಕು. ರಿವೀಲ್ ಇಡೀ ಪ್ರಸ್ತುತಿಯನ್ನು ನೀವು ಕೊಟ್ಟ ಅಗಲ ಎತ್ತರಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸುತ್ತದೆ (ಕೊಡದಿದ್ದರೆ 960×700), ಆದರೆ ಒಂದೇ ಸ್ಲೈಡಿನಲ್ಲಿ ವಿಷಯ ಹೆಚ್ಚಾಯಿತೆಂದು ಅದನ್ನಷ್ಟೇ ಕುಗ್ಗಿಸುವುದಿಲ್ಲ. ವಿಳಾಸದ ಕೊನೆಗೆ ಪ್ರಿಂಟ್-ಪಿಡಿಎಫ್ ಸೇರಿಸಿ ಮುದ್ರಿಸಿದಾಗ ಮಾತ್ರ ಹಿಡಿಸದ ಸ್ಲೈಡನ್ನು ಎರಡು ಮೂರು ಪುಟಗಳಿಗೆ ಹರಡುತ್ತದೆ. ಅದನ್ನೇ ಬಳಸಿಕೊಳ್ಳಿ.

ರಿವೀಲ್‌ನ ಪಿಡಿಎಫ್‌ಸಪರೇಟ್‌ಫ್ರ್ಯಾಗ್‌ಮೆಂಟ್ಸ್ ಎಂಬ ಆಯ್ಕೆಯನ್ನು ಫಾಲ್ಸ್ ಮಾಡಿ. ಮಾಡದಿದ್ದರೆ ಒಂದೊಂದಾಗಿ ತೆರೆದುಕೊಳ್ಳುವ ಅಂಶಗಳಿಗೆಲ್ಲ ಬೇರೆ ಬೇರೆ ಪುಟ ಬಂದು ಲೆಕ್ಕ ಕೆಡುತ್ತದೆ. ಕ್ರೋಮನ್ನು ಹೆಡ್‌ಲೆಸ್ ಆಗಿ (ಕಿಟಕಿ ತೆರೆಯದೆ) ಓಡಿಸಿ ಪ್ರಿಂಟ್-ಟು-ಪಿಡಿಎಫ್ ಕೊಡಿ, ವರ್ಚುವಲ್-ಟೈಮ್-ಬಜೆಟ್ 10000 ಸೇರಿಸಿ. ಇಲ್ಲದಿದ್ದರೆ ಸ್ಕ್ರಿಪ್ಟ್ ಮುಗಿಯುವ ಮೊದಲೇ ಮುದ್ರಿಸಿ ಖಾಲಿ ಪುಟ ಕೊಡಬಹುದು. ಪಿಡಿಎಫ್‌ಇನ್ಫೋ ಪುಟಗಳ ಸಂಖ್ಯೆ ಹೇಳುತ್ತದೆ. ಒಳಗೆ ಸೆಕ್ಷನ್ ಇಲ್ಲದ ಸೆಕ್ಷನ್‌ಗಳನ್ನು ಎಣಿಸಿದರೆ ಸ್ಲೈಡುಗಳ ಸಂಖ್ಯೆ. ಎರಡೂ ಸಮವಿಲ್ಲದಿದ್ದರೆ ಬಿಲ್ಡ್ ನಿಲ್ಲಿಸಿ.

ತುಂಬಿದ ಸ್ಲೈಡು ಸಿಕ್ಕಾಗ ಆ ಒಂದಕ್ಕೆ ಅಕ್ಷರ ಚಿಕ್ಕದು ಮಾಡುವ ಕ್ಲಾಸ್ ಬರೆಯುವ ಆಸೆ ಬರುತ್ತದೆ. ಬೇಡ. ಮೂಲದಲ್ಲೇ ಸೆಕ್ಷನ್ ಒಡೆಯಿರಿ. ಒಂದು ವಿನಾಯಿತಿ ಕೊಟ್ಟರೆ ಮುಂದಿನ ತಿಂಗಳಿಗೆ ಹದಿನೈದು ಆಗಿರುತ್ತವೆ, ಆಮೇಲೆ ಥೀಮ್ ಬದಲಿಸುವ ಹಾಗಿಲ್ಲ. ಕೋಡಿಗೆ ಒಂದು ಮಿತಿ ಇಟ್ಟುಕೊಳ್ಳಿ, 1280×720ಕ್ಕೆ 15 ಸಾಲು, ಸಾಲಿಗೆ 60 ಅಕ್ಷರ ಎಂಬುದು ನನ್ನ ಅಂದಾಜು. ಮೀರಿದರೆ ಎಕ್ಸ್‌ಎಸ್‌ಎಲ್ ಮೆಸೇಜ್‌ನಲ್ಲಿ ಟರ್ಮಿನೇಟ್ "ಯೆಸ್". ಒಂದೊಂದು ಸಾಲಿನ ಉದ್ದ ಅಳೆಯುವುದು 2.0ರ ಟೋಕನೈಸ್‌ನಲ್ಲಿ ಒಂದೇ ಸಾಲಿನ ಕೆಲಸ, 1.0ರಲ್ಲಿ ತನ್ನನ್ನೇ ಕರೆದುಕೊಳ್ಳುವ ಟೆಂಪ್ಲೇಟ್ ಬರೆಯಬೇಕು. ಸ್ಯಾಕ್ಸನ್‌ಗೆ ಹೋಗಲು ಇದೊಂದೇ ಕಾರಣ ಸಾಕು.

ಒತ್ತಕ್ಷರ:

ಕನ್ನಡ ಸ್ಲೈಡುಗಳಿಗೆ ಮಾತ್ರ ಬರುವ ಒಂದು ತೊಂದರೆ ಯಾರೂ ಹೇಳಲಿಲ್ಲ. ಥೀಮ್‌ಗಳ ಶೀರ್ಷಿಕೆಗೆ ಲೈನ್-ಹೈಟ್ 1.2 ಅಥವಾ ಇನ್ನೂ ಕಡಿಮೆ ಇರುತ್ತದೆ, ಇಂಗ್ಲಿಷಿಗೆ ಅದು ಚೆನ್ನ. ಕನ್ನಡದಲ್ಲಿ "ಸ್ತ್ರೀ", "ರಾಷ್ಟ್ರೀಯ" ಎಂದು ಬರೆದಾಗ ಒತ್ತು ಎರಡು ಮಜಲು ಕೆಳಗಿಳಿಯುತ್ತದೆ. ಶೀರ್ಷಿಕೆ ಎರಡು ಸಾಲಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಪೆಟ್ಟಿಗೆಗೆ ಓವರ್‌ಫ್ಲೋ ಹಿಡನ್ ಇದ್ದರೆ ಒತ್ತಿನ ತಳವೇ ಕತ್ತರಿಸಿಹೋಗುತ್ತದೆ. ಶೀರ್ಷಿಕೆಗೆ 1.4, ಪಟ್ಟಿಗೆ 1.5ರಿಂದ 1.6 ಕೊಡಿ. ಮೇಲೆ ಹೇಳಿದ 15 ಸಾಲಿನ ಮಿತಿ ಕೋಡಿಗೆ ಸರಿ, ಕನ್ನಡ ಪಟ್ಟಿಗೆ ಅದರ ಅರ್ಧ ಇಟ್ಟುಕೊಳ್ಳಿ.

ಫಾಂಟನ್ನು ಫಾಂಟ್-ಫೇಸ್ ಮೂಲಕ ಸ್ಲೈಡಿನ ಜೊತೆಯಲ್ಲೇ ಕಳಿಸಿ, ನೋಟೊ ಸಾನ್ಸ್ ಕನ್ನಡ ಸಾಕು. ಪ್ರೊಜೆಕ್ಟರಿಗೆ ಜೋಡಿಸಿದ ಕಂಪ್ಯೂಟರಿನಲ್ಲಿ ಬೇರೆ ಫಾಂಟ್ ಇದ್ದರೆ ಸಾಲುಗಳು ಬೇರೆಡೆ ಮುರಿಯುತ್ತವೆ, ಪುಟದಂಚು ಅವರ ಪುಟದ ಲೆಕ್ಕವೆಲ್ಲ ಆ ಕ್ಷಣಕ್ಕೆ ಸುಳ್ಳಾಗುತ್ತದೆ. ಮೂಲದ ಎಕ್ಸ್‌ಎಮ್‌ಎಲ್:ಲ್ಯಾಂಗ್ ಅನ್ನು ಎಚ್‌ಟಿಎಮ್‌ಎಲ್‌ನ ಲ್ಯಾಂಗ್ ಆಗಿ ದಾಟಿಸಿ.

ಸಿಡುಕು ಕಂಪೈಲರ್:

ಸ್ಲೈಡ್ ಸಂಖ್ಯೆ ಬೇಕಾದವರು ಸಿಎಸ್‌ಎಸ್ ಕೌಂಟರ್ ನಂಬಬೇಡಿ. ಡಿಸ್‌ಪ್ಲೇ ನನ್ ಆದ ಅಂಶ ಕೌಂಟರನ್ನು ಏರಿಸುವುದಿಲ್ಲ. ನೋಡುತ್ತಿರುವ ಸ್ಲೈಡ್ ಬಿಟ್ಟು ಉಳಿದವು ಹಾಗೆ ಅಡಗಿದ್ದರೆ ಎಲ್ಲ ಸ್ಲೈಡೂ 1ನೇ ಸ್ಲೈಡೇ. ರಿವೀಲ್‌ನ ಸ್ಲೈಡ್‌ನಂಬರ್ ಬಳಸಿ, ಇಲ್ಲವೇ ಎಕ್ಸ್‌ಎಸ್‌ಎಲ್ ನಂಬರ್‌ಗೆ ಲೆವೆಲ್ "ಎನಿ" ಕೊಟ್ಟು ಸಂಖ್ಯೆಯನ್ನು ಎಚ್‌ಟಿಎಮ್‌ಎಲ್‌ನಲ್ಲೇ ಬರೆದುಬಿಡಿ.

ಕೊಂಬೆರೆಂಬೆ:

ಪುಟದ ಲೆಕ್ಕ 9 ಸ್ಲೈಡುಗಳನ್ನು ಹಿಡಿಯಿತು, ಎಲ್ಲವನ್ನೂ ಮೂಲದಲ್ಲೇ ಒಡೆದೆ. ಹೊಸ ಬೇಡಿಕೆ ಬಂದಿದೆ: ಪವರ್‌ಪಾಯಿಂಟ್ ಫೈಲ್ ಕೂಡ ಬೇಕಂತೆ, ತಿದ್ದಲು ಬರುವಂತೆ. ಪಿಪಿಟಿಎಕ್ಸ್ ಒಳಗೂ ಎಕ್ಸ್‌ಎಮ್‌ಎಲ್ ಇದೆಯಲ್ಲ, ಎಕ್ಸ್‌ಎಸ್‌ಎಲ್‌ಟಿಯಿಂದ ನೇರ ಬರೆಯಬಹುದೇ?

ಪುಟದಂಚು:

ಬರೆಯಬಹುದು, ಬರೆಯಬೇಡಿ. ಅದು ಜಿಪ್. ಪ್ರತಿ ಸ್ಲೈಡಿಗೂ ಒಂದು ಫೈಲ್, ಅದಕ್ಕೊಂದು ಸಂಬಂಧಗಳ ಫೈಲ್, ಕಂಟೆಂಟ್ ಟೈಪ್ಸ್‌ನಲ್ಲಿ ಒಂದು ನಮೂದು, ಮುಖ್ಯ ಫೈಲಿನಲ್ಲಿ 256ಕ್ಕಿಂತ ಕಡಿಮೆಯಲ್ಲದ ಗುರುತಿನ ಸಂಖ್ಯೆ. ಅಳತೆಗಳು ಇಎಮ್‌ಯುನಲ್ಲಿ, ಒಂದು ಇಂಚಿಗೆ 914400. ಒಂದು ಕೊಂಡಿ ತಪ್ಪಿದರೂ "ಫೈಲ್ ದುರಸ್ತಿ ಮಾಡಲೇ" ಎಂದು ಕೇಳುತ್ತದೆ, ಎಲ್ಲಿ ತಪ್ಪಿದೆ ಎಂದು ಹೇಳುವುದಿಲ್ಲ.

ಸುಲಭದ ಬಳಸುದಾರಿ ಎಫ್‌ಒಡಿಪಿ, ಅಂದರೆ ಜಿಪ್ ಇಲ್ಲದ ಒಂದೇ ಫೈಲಿನ ಓಪನ್‌ಡಾಕ್ಯುಮೆಂಟ್ ಪ್ರಸ್ತುತಿ. ಲಿಬ್ರೆಆಫೀಸ್‌ನಲ್ಲಿ ಎರಡು ಸ್ಲೈಡಿನ ಮಾದರಿ ಮಾಡಿ ಈ ರೂಪದಲ್ಲಿ ಉಳಿಸಿ. ಅದರ ಸ್ಟೈಲ್ ಮತ್ತು ಮಾಸ್ಟರ್ ಪುಟದ ಭಾಗವನ್ನು ಹಾಗೆಯೇ ಸ್ಟೈಲ್‌ಶೀಟಿಗೆ ಅಂಟಿಸಿ. ಪ್ರತಿ ಸ್ಲೈಡಿಗೆ ಒಂದು ಡ್ರಾ:ಪೇಜ್, ಒಳಗೆ ಡ್ರಾ:ಫ್ರೇಮ್, ಡ್ರಾ:ಟೆಕ್ಸ್ಟ್-ಬಾಕ್ಸ್, ಟೆಕ್ಸ್ಟ್:ಪಿ. ಪೇಜ್‌ಗೆ ಮಾಸ್ಟರ್-ಪೇಜ್-ನೇಮ್ ಕಡ್ಡಾಯ. 16:9ಕ್ಕೆ ಲಿಬ್ರೆಆಫೀಸ್‌ನ ಅಳತೆ 28×15.75 ಸೆಂ.ಮೀ. ನೋಟ್ಸಿಗೆ ಪ್ರೆಸೆಂಟೇಶನ್:ನೋಟ್ಸ್ ಇದೆ. ಆಮೇಲೆ ಲಿಬ್ರೆಆಫೀಸ್‌ನ ಕಮಾಂಡ್ ಆದ ಎಸ್‌ಆಫೀಸನ್ನು ಹೆಡ್‌ಲೆಸ್ ಆಗಿ ಕರೆದು ಕನ್ವರ್ಟ್-ಟು ಪಿಪಿಟಿಎಕ್ಸ್. ಲಿಬ್ರೆಆಫೀಸ್ ಕಿಟಕಿ ಮೊದಲೇ ತೆರೆದಿದ್ದರೆ ಈ ಕಮಾಂಡ್ ಏನೂ ಮಾಡದೆ ಮುಗಿಯಬಹುದು. ಯೂಸರ್‌ಇನ್‌ಸ್ಟಾಲೇಶನ್‌ಗೆ ಬೇರೆ ಫೋಲ್ಡರ್ ಕೊಟ್ಟು ಓಡಿಸಿ.

ಎರಡು ಗುಂಡಿಗಳಿವೆ. ಓಪನ್‌ಡಾಕ್ಯುಮೆಂಟ್‌ನಲ್ಲಿ ಸಾಲಾಗಿ ಬಂದ ಸ್ಪೇಸ್‌ಗಳು ಒಂದಾಗಿ ಕುಗ್ಗುತ್ತವೆ, ಕೋಡಿನ ಇಂಡೆಂಟ್ ಪೂರ್ತಿ ಹೋಗುತ್ತದೆ. ಸಾಲಿನ ಆರಂಭದ ಸ್ಪೇಸ್‌ಗಳನ್ನು ಟೆಕ್ಸ್ಟ್:ಎಸ್ ಟ್ಯಾಗಿಗೆ ಸಂಖ್ಯೆ ಕೊಟ್ಟು ಬರೆಯಬೇಕು, ಹೊಸ ಸಾಲಿಗೆ ಟೆಕ್ಸ್ಟ್:ಲೈನ್-ಬ್ರೇಕ್. ಇನ್ನೊಂದು ಚಿತ್ರದ್ದು: ಒಂದೇ ಫೈಲಿನೊಳಗೆ ಅದು ಬೇಸ್64 ಆಗಿ (ಅಕ್ಷರಗಳ ರೂಪಕ್ಕೆ ತಿರುಗಿಸಿ) ಇರಬೇಕು. ಬರೀ ಎಕ್ಸ್‌ಎಸ್‌ಎಲ್‌ಟಿ 1.0ರಿಂದ ಅದಾಗದು, ಸ್ಟೈಲ್‌ಶೀಟ್ ಫೈಲಿನ ಹೆಸರನ್ನು ಬಿಟ್ಟು ಹೋಗಲಿ, ಆಮೇಲೆ ಹತ್ತು ಸಾಲಿನ ಪೈಥಾನ್ ಆ ಜಾಗ ತುಂಬಲಿ.

ಸಿಡುಕು ಕಂಪೈಲರ್:

ಸೋಸಿದ ಡಾಕ್‌ಬುಕ್ ಈಗ ಕೈಯಲ್ಲಿದೆ ಎಂದಮೇಲೆ ಪ್ಯಾಂಡಾಕ್‌ನ ಪಿಪಿಟಿಎಕ್ಸ್ ಮೊದಲು ಪ್ರಯತ್ನಿಸಿ. ರೆಫರೆನ್ಸ್-ಡಾಕ್ ಆಗಿ ನಿಮ್ಮ ಟೆಂಪ್ಲೇಟ್ ಕೊಡಬಹುದು, ಲೇಔಟ್‌ಗಳ ಇಂಗ್ಲಿಷ್ ಹೆಸರು ಮಾತ್ರ ಬದಲಿಸಬೇಡಿ, ಹೆಸರು ನೋಡಿಯೇ ಅದು ಲೇಔಟ್ ಆರಿಸುವುದು. ಪಟ್ಟಿಯ ಬೆನ್ನಿಗೆ ಚಿತ್ರ ಬಂದರೆ "ಕಂಟೆಂಟ್ ವಿತ್ ಕ್ಯಾಪ್ಷನ್" ಲೇಔಟ್ ಹಿಡಿಯುತ್ತದೆ, ಅದರ ಅಕ್ಷರ ಮೂಲದಲ್ಲೇ ಚಿಕ್ಕದು. ಟೆಂಪ್ಲೇಟಿನಲ್ಲಿ ದೊಡ್ಡದು ಮಾಡಿಟ್ಟುಕೊಳ್ಳಿ. ಇದು ಸಾಕಾಗದಿದ್ದರೆ ಎಫ್‌ಒಡಿಪಿ.

ಕೊಂಬೆರೆಂಬೆ:

ಪ್ಯಾಂಡಾಕ್ ದಾರಿಯೇ ಸಾಕಾಯಿತು. ಕೊನೆಯದಾಗಿ ಒಂದು: ಕೈಪಿಡಿಯಿಂದ ಸ್ಲೈಡಿಗೆ ಕೊಟ್ಟ ಲಿಂಕುಗಳು ನಿನ್ನೆ ಸರಿಯಿದ್ದವು, ಇವತ್ತು ಮತ್ತೆ ಬಿಲ್ಡ್ ಮಾಡಿದರೆ ಎಲ್ಲ ತಪ್ಪು ಸ್ಲೈಡಿಗೆ ಹೋಗುತ್ತಿವೆ.

ಖಾಲಿಸಾಲು:

ಐಡಿಗೆ ಎಕ್ಸ್‌ಎಸ್‌ಎಲ್‌ಟಿ ತಾನೇ ಹೆಸರು ಹುಟ್ಟಿಸಿ ಕೊಡುವ ಜನರೇಟ್-ಐಡಿ ಬಳಸಿದ್ದೀರಿ. ಅದು ಒಂದು ಓಟದೊಳಗೆ ಮಾತ್ರ ಸ್ಥಿರ, ಮುಂದಿನ ಓಟದಲ್ಲಿ ಅದೇ ಬರಬೇಕೆಂದಿಲ್ಲ. ಪ್ರತಿ ಸೆಕ್ಷನ್‌ಗೂ ಮೂಲದಲ್ಲೇ ಎಕ್ಸ್‌ಎಮ್‌ಎಲ್:ಐಡಿ ಬರೆದು ಅದನ್ನೇ ದಾಟಿಸಿ, ಇಲ್ಲದ ಸೆಕ್ಷನ್ ಸಿಕ್ಕರೆ ಆ ಕಾವಲು ಟೆಂಪ್ಲೇಟಿನ ಹಾಗೆ ಕೂಗಿಸಿ.